ಮೂರು ಕೊರಡಿನ ಅವರೆಕಾಳು

ನಮ್ಮ ಅತ್ತೆಗೆ ಹೊಸ ಸೊಸೆಯನ್ನು ಅಳೆಯಲು ಮೂರು ಕೊರಡು ಸೌದೆ ಸಾಕಾಗಿತ್ತು. ಮದುವೆಯಾಗಿ ಬಂದ ವಾರದೊಳಗೆ ಅವಳ ಮುಂದೆ ಒಂದು ಪಡಿ ಒಣ ಅವರೆಕಾಳು, ಒಂದು ಮಡಕೆ ಮತ್ತು ಮೊಳದುದ್ದದ ಮೂರು ಕೊರಡು ತಂದಿಡುತ್ತಿದ್ದರು. ಮೂರನೆಯ ಕೊರಡು ಕೆಂಡವಾಗುವಷ್ಟರಲ್ಲಿ ಕಾಳು ಹಿಸುಕಿದರೆ ಮೆತ್ತಗಾಗಬೇಕು. ಇಲ್ಲವಾದರೆ 'ಕೈಯಲ್ಲಿ ಕಾವಿಲ್ಲ' ಎಂಬ ಮಾತು. ತಮಿಳು ಸೀಮೆಯ ತೇವಾರ ಎಂಬ ಊರಿನ ನಮ್ಮ ಕನ್ನಡದವರ ಬೀದಿಯಲ್ಲಿ ಆ ಮಾತು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ನಾನು ಎರಡೂವರೆ ಕೊರಡಿನಲ್ಲೇ ಬೇಯಿಸಿ, ಉಳಿದ ತುಂಡನ್ನು ಅತ್ತೆಯ ಕೈಗೇ ಕೊಟ್ಟವಳು. ಆಗ ನನಗೆ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಆ ಜಂಬ ಇಳಿದದ್ದು ಬೆಟ್ಟ ಹತ್ತಿದ ಮೇಲೆ. ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದಾರಂತೆ ಎಂದು ಕಣಿವೆಯಲ್ಲೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಬೋಡಿನಾಯಕನೂರಿನ ಮೇಲಿನ ಬೆಟ್ಟದಲ್ಲಿ ನಮ್ಮವರದೊಂದು ಸಣ್ಣ ಏಲಕ್ಕಿ ತೋಟವಿತ್ತು. ಕೊಯ್ಲಿನ ಮೂರು ತಿಂಗಳು ನನ್ನ ಗಂಡ, ಅವರ ಅಣ್ಣ ಇಬ್ಬರೂ ಅಲ್ಲೇ ಗುಡಿಸಲಲ್ಲಿ ಇರುತ್ತಿದ್ದರು. ಮದುವೆಗೆ ಮುಂಚೆ ರಾಗಿ ಕಳಿಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಕಾಲ ತಳ್ಳಿದ ಗಂಡಸರಿಗೆ, ಮದುವೆಯಾದ ಮೇಲೆ ಅವರೆಕಾಳಿನ ಸಾರೇ ಬೇಕಾಯಿತು. ಅತ್ತೆ ದನಕರು ಬಿಟ್ಟು ಎಂದೂ ಬೆಟ್ಟ ಹತ್ತಿದವರಲ್ಲ.

ಹಿಂದಿನ ವರ್ಷ ಅಡಿಗೆಗೆಂದು ಹೋದವಳು ನನ್ನ ಓರಗಿತ್ತಿ, ಭಾವನ ಹೆಂಡತಿ. ಕೆಳಗೆ ಮೂರು ಕೊರಡು ಗೆದ್ದವಳೇ. ಮೇಲೆ ಹೋಗಿ ದಿನವೂ ಕಲ್ಲಿನಂಥ ಕಾಳು ಬಡಿಸಿದಳಂತೆ. ಬೇಕೆಂದೇ ಮಾಡುತ್ತಾಳೆ, ಇವಳಿಗೆ ಈ ಮನೆಯಲ್ಲಿ ಬಾಳುವ ಮನಸ್ಸಿಲ್ಲ ಎಂದು ಅತ್ತೆ ಅವಳನ್ನು ತವರಿಗೆ ಕಳಿಸಿಬಿಟ್ಟರು. ನಾನು ಆ ಮನೆ ತುಂಬಿದ್ದು ಅದಾದ ಮೇಲೆ. ಕಥೆ ಕೇಳಿ, ಕಾಳು ಬೇಯಿಸಲೂ ಬಾರದವಳಾ ಎಂದು ನಕ್ಕಿದ್ದೆ. ಆ ನಗು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಮೇಲೆ ಹೋದ ಮೊದಲ ದಿನವೇ ನನ್ನ ಕಾಳೂ ಬೇಯಲಿಲ್ಲ. ನೀರು ಮಾತ್ರ ಚೆನ್ನಾಗಿಯೇ ಕುದಿಯುತ್ತಿತ್ತು, ಕೆಳಗಿನದಕ್ಕಿಂತ ಬೇಗ ಬೇರೆ. ನಾಲ್ಕನೆಯ ಕೊರಡಿಗೆ ಕೈ ಹಾಕಿದರೆ ಸೋತಂತೆ. ಅದಕ್ಕೇ ತೊಡೆ ಗಾತ್ರದ ಮೂರು ಕೊರಡು ಆರಿಸಿ ತಂದೆ. ಉರಿ ಸೂರಿಗೆ ತಾಗುವಂತೆ ಎದ್ದಿತು, ನೀರು ಉಕ್ಕಿ ಉಕ್ಕಿ ಆವಿಯಾಗಿ ಹೋಯಿತು, ತಳ ಸೀದಿತು, ಕಾಳು ಹಾಗೇ ಇತ್ತು. ಭಾವ ತಟ್ಟೆ ಪಕ್ಕಕ್ಕೆ ಸರಿಸಿ, "ಇವ್ಳೂ ಅವ್ಳಂಗೇ" ಅಂದರು. ಹತ್ತನೆಯ ದಿನ ಬೆಟ್ಟ ಇಳಿಯುವ ಕೂಲಿಯವರ ಕೈಲಿ ಅತ್ತೆಗೆ ಸುದ್ದಿ ಹೋಯಿತು. ಎರಡು ದಿನದಲ್ಲಿ ತಾವೇ ಬಂದು ನನ್ನನ್ನು ಕರೆದುಕೊಂಡು ಹೋಗುವುದಾಗಿ ಅವರು ಹೇಳಿ ಕಳಿಸಿದರು. ಕರೆದುಕೊಂಡು ಹೋಗುವುದು ಅಂದರೆ ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನ ಮಳೆ. ದಿಂಡಿಗಲ್ ಕಡೆಯ ವಯಸ್ಸಾದ ಒಬ್ಬ ಸರ್ವೆಯವರು ಇಬ್ಬರು ಆಳುಗಳ ಜೊತೆ ನೆನೆದುಕೊಂಡು ಬಂದರು. ಈ ಬೆಟ್ಟ ಎಷ್ಟು ಎತ್ತರ ಎಂದು ಅಳೆಯಬೇಕಂತೆ, ಅದಕ್ಕೆ ಸ್ವಲ್ಪ ನೀರು ಕುದಿಸಬೇಕಂತೆ, ಅವರ ದೀಪದ ಬತ್ತಿ ನೆನೆದುಹೋಗಿದೆಯಂತೆ. ತಮಿಳಿನಲ್ಲಿ ಇಷ್ಟು ಹೇಳಿ, ಒಲೆ ಕೊಡಮ್ಮಾ ಎಂದರು. ಎತ್ತರ ಅಳೆಯಲು ಹಗ್ಗ ಬೇಕು, ಪಾತ್ರೆ ಯಾಕೆ ಎಂದುಕೊಂಡೆ. ನನ್ನ ಗಂಡ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಅವರು ಪೆಟ್ಟಿಗೆಯಿಂದ ಪಾದರಸ ತುಂಬಿದ ಗಾಜಿನ ಕೊಳವೆ ತೆಗೆದರು. ಅದನ್ನು ಥರ್ಮಾಮೀಟರು ಅನ್ನುತ್ತಾರೆಂದು ನಾನು ತಿಳಿದದ್ದು ಅವತ್ತೇ. ನೀರು ಕುದಿಯಿತು, ಅವರು ಗೆರೆ ನೋಡಿ ಬರೆದುಕೊಂಡರು. ಆಮೇಲೆ ನನ್ನ ಮುಖ ನೋಡಿ, "ಯಾಕಮ್ಮಾ ಅತ್ತಿದ್ದೀ?" ಎಂದರು. ಪರರ ಮುಂದೆ ಮನೆಯ ಮಾತು ಆಡಬಾರದು, ಗೊತ್ತು. ಆದರೂ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನಗಲಿಲ್ಲ. ಒಂದು ನೂಲು ಕೇಳಿದರು. ನನ್ನ ಸೆರಗಿನಿಂದ ಎಳೆದುಕೊಟ್ಟೆ. ಕೊಳವೆಯ ಮೇಲಿನ ಒಂದು ಗೆರೆಗೆ ಅದನ್ನು ಕಟ್ಟಿ, "ಮೊನ್ನೆ ಕೆಳಗೆ ಬೋಡಿನಾಯಕನೂರಿನಲ್ಲಿ ನೀರು ಕುದಿದಾಗ ಪಾದರಸ ಇಲ್ಲಿ ನಿಂತಿತ್ತು. ಈಗ ಎಷ್ಟು ಸೌದೆ ಬೇಕೋ ಹಾಕು. ಅದು ಈ ನೂಲು ಮುಟ್ಟಿದರೆ ನಿನ್ನ ಹಸಿ ಕಾಳನ್ನು ನಾನೇ ತಿನ್ನುತ್ತೇನೆ" ಎಂದರು.

ಹಾಕಿದೆ. ಒಲೆ ತುಂಬ ತುರುಕಿದೆ. ನೀರು ಕೊತಕೊತ ಎಂದು ಹಾರಿತು. ಪಾದರಸ ನೂಲಿಗಿಂತ ಕೆಳಗೇ ನಿಂತಿತು, ಕದಲಲಿಲ್ಲ.

ಗಾಳಿಗೂ ಭಾರವಿದೆ ಎಂದು ಅವರು ಬಿಡಿಸಿ ಹೇಳಿದರು. ಆ ಭಾರವನ್ನು ಎತ್ತಿಕೊಂಡೇ ನೀರು ಆವಿಯಾಗಬೇಕು. ಬೆಟ್ಟದ ಮೇಲೆ ಭಾರ ಕಡಿಮೆ, ಹಾಗಾಗಿ ನೀರು ಪೂರ್ತಿ ಬಿಸಿಯಾಗುವ ಮೊದಲೇ ಕುದಿಯತೊಡಗುತ್ತದೆ. ಕುದಿ ಹತ್ತಿದ ಮೇಲೆ ನೀನು ಕೊಡುವ ಉರಿಯೆಲ್ಲ ಆವಿಯ ಪಾಲು, ನೀರಿನ ಬಿಸಿ ಏರುವುದಿಲ್ಲ. "ಉರಿ ಹೆಚ್ಚಿಸಬೇಡ, ಹೊತ್ತು ಹೆಚ್ಚಿಸು. ತಪ್ಪು ನಿನ್ನ ಕೈಯದಲ್ಲ" ಎಂದು ಹೇಳಿ, ಮಳೆ ನಿಂತೊಡನೆ ಹೊರಟುಹೋದರು. ಅವರ ಮುಖ ನನಗೀಗ ನೆನಪಿಲ್ಲ. ನೂಲು ಕಟ್ಟಿದ ಆ ಬೆರಳುಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ, ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ನನ್ನ ಗಂಡ ಮಾತ್ರ ಒಪ್ಪಲಿಲ್ಲ, ಎಲ್ಲಿಯ ನೀರಾದರೂ ಒಂದೇ ಎಂದರು. "ತಣ್ಣಿ ಕುದ್ರೆ ಕುದ್ದಂಗೇ. ಮಲೆ ಮ್ಯಾಲೆ ಬ್ಯಾರೆ, ಕೆಳಗೆ ಬ್ಯಾರೆ ಐತಾ?"

ಮರುದಿನ ಮಧ್ಯಾಹ್ನ ಅತ್ತೆ ಬಂದರು, ಏದುಸಿರು ಬಿಡುತ್ತಾ. ಕೂರುವ ಮೊದಲೇ, "ಬಟ್ಟೆ ಕಟ್ಟು" ಅಂದರು.

ನನಗೆ ಎಲ್ಲಿಂದ ಸಿಟ್ಟು ಬಂತೋ, ಪಡಿ ಕಾಳು, ಮಡಕೆ, ಮೂರು ಕೊರಡು ತಂದು ಅವರ ಮುಂದೆ ಇಟ್ಟೆ. "ಕಟ್ತೀನಿ ಅತ್ತೆ. ಮೊದ್ಲು ನೀವು ಒಂದು ದಪ ಬೇಯ್ಸಿ."

ಅತ್ತೆ ನನ್ನನ್ನೊಮ್ಮೆ ನೋಡಿ ಸೆರಗು ಸಿಕ್ಕಿಸಿ ಕೂತರು. ಅವರಷ್ಟು ಹದವಾಗಿ ಉರಿ ಹಿಡಿಯುವವರನ್ನು ನಾನು ಕಂಡಿಲ್ಲ. ಒಂದು ಕಡ್ಡಿಯೂ ಹಾಳಾಗಲಿಲ್ಲ. ಮೂರನೆಯ ಕೊರಡು ಕೆಂಡವಾಯಿತು. ಕಾಳು ತೆಗೆದು ಹಿಸುಕಿದರು. ಇನ್ನೊಂದು ತೆಗೆದರು. ಬಾಯಿಗೆ ಹಾಕಿಕೊಂಡು ಕಚ್ಚಿದರು, ಕಟ್ ಎಂದು ಸದ್ದಾಯಿತು.

ಸರ್ವೆಯವರು ಹೇಳಿದ್ದನ್ನು ಆಗ ಹೇಳಿದೆ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಅವರು ಮಡಕೆ ಕೆಳಗಿಳಿಸಿ, ನನ್ನನ್ನಲ್ಲ, ಭಾವನನ್ನು ಕೇಳಿದರು: "ನಿನ್ ಹೆಂಡ್ತಿ ಒಂದು ಮಾತಾದ್ರೂ ಎದ್ರು ಹೇಳಿದ್ಲಾ?"

"ಇಲ್ಲಮ್ಮಾ. ಅತ್ಲು, ಅಷ್ಟೇ."

ಬೆಳಗ್ಗೆ ಅತ್ತೆ ಒಬ್ಬರೇ ಬೆಟ್ಟ ಇಳಿದರು. ಮನೆಗೆ ಹೋಗಲಿಲ್ಲ, ಓರಗಿತ್ತಿಯ ತವರಿಗೆ ಹೋದರು. ಅಲ್ಲಿ ಏನು ಹೇಳಿದರೋ ಇಬ್ಬರೂ ಎಂದೂ ಬಾಯಿಬಿಡಲಿಲ್ಲ. ಮೂರನೆಯ ದಿನ ಅತ್ತೆಯ ಹಿಂದೆ ಬಟ್ಟೆಯ ಗಂಟು ಹೊತ್ತು ಅವಳು ಬಂದಳು. ಭಾವ ಎದ್ದು ಆ ಗಂಟು ಇಳಿಸಿಕೊಂಡರು. ನಾನು ನಕ್ಕಿದ್ದನ್ನು ಅವಳಿಗೆ ಒಪ್ಪಿಸಿದೆ, ಅವಳು ನನ್ನ ಗಲ್ಲ ಹಿಂಡಿದಳು. ನನ್ನ ಕೈ ಹಿಡಿದು ಮೇಲೆತ್ತಿದವರು ಸರ್ವೆಯವರಾದರೂ, ಮನೆ ಉಳಿಸಿದವರು ಅತ್ತೆ. ಸೋತದ್ದನ್ನು ಒಪ್ಪಿ ಅಷ್ಟು ದೂರ ನಡೆದ ಹಿರಿಯರನ್ನು ನಾನು ಮತ್ತೆ ಕಾಣಲಿಲ್ಲ.

ಅವತ್ತಿನ ಅಡಿಗೆ ತನ್ನದೇ ಎಂದು ಓರಗಿತ್ತಿ ಒಲೆಯ ಮುಂದೆ ಕೂತಳು. ರೂಢಿಯಂತೆ ರಾಶಿಯಿಂದ ಮೂರು ಕೊರಡು ಎಣಿಸಿ ಪಕ್ಕಕ್ಕಿಟ್ಟುಕೊಂಡಳು. ಅತ್ತೆ ಒಂದು ತೆಕ್ಕೆ ಸೌದೆ ತಂದು ಅವಳ ಮಗ್ಗುಲಲ್ಲಿ ಸುರಿದು, ಮಗುವನ್ನು ಮುದ್ದಿನಿಂದ ಕರೆಯುವ ದನಿಯಲ್ಲಿ,

"ಎಣಿಸ್ಬ್ಯಾಡ ಕಣ್ಣು" ಎಂದರು.