ನೆರೆಯವಳ ಮಾತಿಗೆ ಖಾಲಿ ಬಿದ್ದ ಮನೆ

ಗಿರಿಜಾ, ನಿಮ್ಮ ಮನೆಗೆ ಬಾಡಿಗೆಯವರು ಬಾರದ ಹಾಗೆ ಮಾಡಿದವಳು ನಾನು. ದೆವ್ವವೂ ಅಲ್ಲ, ಗ್ರಹಚಾರವೂ ಅಲ್ಲ — ಪಕ್ಕದ ಮನೆಯ ನಾನು.

ನೀನಾಗ ಚಿಕ್ಕವಳು. ದಾವಣಗೆರೆಯ ಮಿಲ್ಲುಗಳಿಗೆ ಕೆಲಸಕ್ಕೆ ಬಂದವರು ಮನೆ ಹುಡುಕುತ್ತ ನಮ್ಮ ಓಣಿಗೆ ಬರುತ್ತಿದ್ದರು. ಅವರ ಹೆಂಗಸರು ಮನೆ ನೋಡಿದ ಮೇಲೆ ಪಕ್ಕದವಳನ್ನು ಕೇಳದೆ ಒಪ್ಪುತ್ತಿರಲಿಲ್ಲ — ಈ ಮನೆ ಆಗಿ ಬರುತ್ತದೋ ಇಲ್ಲವೋ ಅಂತ. ಅವಳು ಹೂಂ ಅಂದರೆ ಹಾಲು ಉಕ್ಕಿಸುವುದು. ಮುಖ ತಿರುವಿದರೆ ಮುಂದಿನ ಓಣಿ.

ನಿಮ್ಮಪ್ಪ ಸತ್ತ ಮೇಲೆ ನಿಮ್ಮವ್ವ ಸಿದ್ದಮ್ಮ ಹಿಂದಿನ ಕೋಣೆಗೆ ಸರಿದು, ಮುಂದಿನ ಭಾಗದ ಬಾಡಿಗೆಯಲ್ಲೇ ನಿಮ್ಮನ್ನು ಸಾಕಿದಳು. ಆಮೇಲೆ ನಿನ್ನ ತಮ್ಮ ಜ್ವರದಲ್ಲಿ ಹೋದ. ಆ ವರ್ಷವೇ ಇದ್ದ ಬಾಡಿಗೆಯವರು ಊರಿಗೆ ಹೋದರು. ನಾನು ಬಾಡಿಗೆಗೆ ಇಟ್ಟಿದ್ದ ಎರಡೂ ಕೋಣೆಗಳು ಖಾಲಿಯಿದ್ದವು. ನನ್ನವು ಕತ್ತಲ ಕೋಣೆ. ನಿಮ್ಮದಕ್ಕೆ ಬೆಳಕಿತ್ತು, ಹಿತ್ತಿಲಲ್ಲಿ ಬಾವಿಯಿತ್ತು. ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಹೊಟ್ಟೆ ಉರಿಯಿತು — ಸುಳ್ಳು ಯಾಕೆ ಹೇಳಲಿ.

ಹರಿಹರದ ಕಡೆಯ ಗಂಡಹೆಂಡತಿ ಬಂದರು. ಅವಳ ಸೊಂಟದ ಮೇಲೆ ಕೂಸು. ನಾನು ಜೋಳ ಕೇರುತ್ತಿದ್ದೆ.

“ಅಕ್ಕಾರೆ, ಆ ಮನೆ ಹೆಂಗೈತ್ರಿ? ಆಗಿ ಬರ್ತೈತಾ?”

ನಾನು ಆ ಕೂಸನ್ನು ನೋಡಿದೆ. “ನಾನ್ಯಾಕ ಇನ್ನೊಬ್ರ ಮನೆ ಮಾತಾಡ್ಲಿ ತಂಗಿ... ಆ ಮನ್ಯಾಗ ಮಕ್ಳು ಉಳಿಯಂಗಿಲ್ಲ.”

“ಅಯ್ಯೋ ಶಿವನೇ! ಅವ್ರು ಹೇಳಲೇ ಇಲ್ಲಲ್ರಿ!”

“ಹೇಳಿದ್ರೆ ಯಾರು ಬರ್ತಾರ? ನಮ್ಮವೂ ಎರಡು ಕೋಣೆ ಅದಾವೆ, ನೋಡ್ಬರ್ರಿ.”

ನೋಡಿದರು. ಗಂಡ, “ಕತ್ತಲಿದ್ರೇನ್ ಬಿಡು, ಹಗಲೆಲ್ಲ ನಾನು ಮಿಲ್ನಾಗಿರ್ತೀನಿ,” ಅಂದ.

“ನೀವು ಮಿಲ್ನಾಗ. ನಾನೇನು ಗೂಬೇನಾ?” ಅಂದಳು ಅವಳು. ಬೈಯುತ್ತಲೇ ಒಪ್ಪಿಕೊಂಡಳು.

ನಾನು ಮತ್ತೆ ಬಾಯಿ ಬಿಡಬೇಕಾಗಲಿಲ್ಲ. ಉಳಿದದ್ದನ್ನು ಅವಳೇ ನಲ್ಲಿಯ ಹತ್ತಿರ ಹೇಳಿದಳು. ನಿಮ್ಮ ಮುಂದಿನ ಭಾಗ ಹಾಗೇ ಖಾಲಿ ಬಿತ್ತು.

ಇದು ದೊಡ್ಡ ತಪ್ಪಲ್ಲ ಗಿರಿಜಾ. ದೊಡ್ಡದು ಇನ್ನೊಂದಿದೆ —

ಒಂದು ದಿನ ನಿಮ್ಮವ್ವ ನನ್ನ ಕಟ್ಟೆಯ ಮೇಲೆ ಬಂದು ಕೂತಳು. “ಯಕ್ಕಾ, ನಮ್ಮ ಮನೇನೇ ನನ್ನ ಮಗನ್ನ ತಿಂತಂತೆ. ನಮ್ಮನೆಯವ್ರು ತೀರ್ಕೊಂಡಾಗ್ಲೇ ಹರಿಹರಕ್ಕೆ ಅಣ್ಣನ ಹತ್ರ ಹೋಗಿದ್ರೆ ಕೂಸು ಉಳೀತಿತ್ತು. ಬಾಡಿಗೆ ಆಸೆಗೆ ಇಲ್ಲೇ ಕುಂತ್ನಲ್ಲ! ನೀನಾರ ಹೇಳು, ನಿಜಾನಾ?”

ನಾನು ಹುಟ್ಟಿಸಿದ ಸುಳ್ಳು ನನ್ನ ಎದುರೇ ಕೂತು ಅಳುತ್ತಿತ್ತು. ಇಲ್ಲ ಅನ್ನಬೇಕಿತ್ತು. ಒಂದೇ ಮಾತು. ನಾನು, “ಹಣೆಬರ, ಬಿಡು,” ಅಂದೆ.

ನಿಮ್ಮವ್ವ ಬಂದಷ್ಟಕ್ಕೆ ಮನೆ ಮಾರಿ ನಿನ್ನನ್ನು ಕರೆದುಕೊಂಡು ಹರಿಹರಕ್ಕೆ ಹೋದಳು. ಅಣ್ಣನ ಮನೆಯ ಒಲೆಯ ಮುಂದೆಯೇ ಮುದುಕಿಯಾದಳು. ಇಲ್ಲಿಂದ ಎಷ್ಟು ದೂರ? ಅವಳು ಸಾಯುವ ತನಕ ನಾನು ಹರಿಹರದ ರೈಲು ಹತ್ತಲಿಲ್ಲ.

ಬಾಡಿಗೆಗಾಗಿ ಮಗನನ್ನು ಕಳೆದುಕೊಂಡವಳು ಅಂತ ನೀನೂ ಅವಳಿಗೆ ಅನ್ನುತ್ತಿದ್ದೆಯಂತೆ. ನಿನ್ನ ತಮ್ಮನನ್ನು ಒಯ್ದದ್ದು ಜ್ವರ. ನಿಮ್ಮವ್ವನ ತಪ್ಪು ಎಳ್ಳಷ್ಟೂ ಇಲ್ಲ. ಇನ್ನು ಅವಳನ್ನು ಅನ್ನಬೇಡ. ಅನ್ನುವುದಿದ್ದರೆ ನನ್ನನ್ನು ಅನ್ನು. ನಾನು ಇನ್ನೂ ಬದುಕಿದ್ದೇನೆ.