ಗಾಯದ ಮುಖದ ಬೊಂಬೆ

ಜಯಕ್ಕನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ಮದ್ದೂರಿನ ಹಳೇ ರಸ್ತೆಯಲ್ಲಿ ಅವಳ ಮಿಲಿಟರಿ ಹೋಟೆಲು, ಅದರ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಅವಳು ಮರದ ದಿಮ್ಮಿಯ ಮೇಲೆ ಕುರಿಯ ತೊಡೆ ಕಡಿಯುವಾಗ ಗೋಡೆಯ ಈಚೆ ನನ್ನ ಮೇಜಿನ ಪಿನ್ನುಗಳು ಕುಣಿಯುತ್ತಿದ್ದವು. ಬಡಿಸುವ ಹೆಂಗಸಿನ ಸೆರಗು ಎಳೆದ ಕುಡುಕನೊಬ್ಬನ ತಲೆಯನ್ನು ಅವಳು ಸಾರಿನ ಸೌಟಿನಿಂದ ಒಡೆದದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಅವನ ತಲೆಗೆ ತಾನೇ ಬಟ್ಟೆ ಕಟ್ಟಿ, ಆಟೋ ಹತ್ತಿಸಿ, "ಉಸಾರಾಗ್ ಕರ್ಕಂಡೋಗಪ್ಪ, ಕುಲುಕ್ಬೇಡ" ಎಂದು ಆಟೋದವನಿಗೆ ಹೇಳಿ ಕಳಿಸಿದಳು.

ಇಂಥವಳು ಬೊಂಬೆ ಕೂಡಿಡುತ್ತಾಳೆ ಎಂದರೆ ಪೂರಿಗಾಲಿಯಲ್ಲಿದ್ದ ಅವಳ ತವರಿನವರೂ ನಂಬುತ್ತಿರಲಿಲ್ಲ. ಗಲ್ಲಾದ ಹಿಂದೆ ಗಾಜಿನ ಬೀರು. ಅದರಲ್ಲಿ ಸಿನಿಮಾದವರ ಬೊಂಬೆಗಳು, ಒಂದೊಂದೂ ಅಡಿ ಎತ್ತರ. ಮೈಗೆ ಹೊಲಿದ ಬಟ್ಟೆ, ಬಾಗುವ ಬೆರಳು, ಈಗಲೋ ಆಗಲೋ ಮಾತಾಡಬಹುದು ಎನ್ನಿಸುವ ಮುಖ. ಹೊರದೇಶದಿಂದ ತರಿಸಬೇಕಾಗಿತ್ತು. ಆರ್ಡರು ಮಾಡುವ ಇಂಗ್ಲಿಷು ನನ್ನದು, ಆರಿಸುವ ಕಣ್ಣು ಅವಳದು. ಯಾರಾದರೂ "ಮಕ್ಕಳಾಟ" ಎಂದರೆ ಅವರ ತಟ್ಟೆಗೆ ಆವತ್ತು ಬರೀ ಮೂಳೆ ಬೀಳುತ್ತಿತ್ತು.

ಬೊಂಬೆಗಳೆಲ್ಲ ಒಂದೇ ಸಿನಿಮಾದವು. ಕನ್ನಡಕ್ಕೆ ಡಬ್ಬಾದ ಕತ್ತಿ ಕಾಳಗದ ಸಿನಿಮಾ. ಅವಳ ಫೋನಿನಲ್ಲಿ ಸದಾ ಓಡುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸು ತನ್ನ ತಮ್ಮನನ್ನು ಕೊಂದವರ ಕೋಟೆಗೆ ಒಬ್ಬಳೇ ನುಗ್ಗುತ್ತಾಳೆ. ಕೊನೆಯಲ್ಲಿ ಹುಬ್ಬು ಸೀಳಿ, ಹಲ್ಲು ಮುರಿದು, ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿರುವಾಗಲೇ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಾಳೆ. ಜಯಕ್ಕ ಚಿತ್ರವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. "ನೋಡಮ್ಮಿ, ಗೆದ್ಮೇಲೂ ಮೊಕ ಒರುಸ್ಕಳ್ನಿಲ್ಲ" ಎನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಆ ಮುಖದ ಬೊಂಬೆ. ಕಂಪನಿಯವರು ಮಾತ್ರ ಹೀರೋನನ್ನೇ ಬಗೆಬಗೆಯಾಗಿ ಮಾಡಿ ಬಿಡುತ್ತಿದ್ದರು: ಮಳೆಯಲ್ಲಿ ನೆಂದವನು, ಕೆಸರು ಮೆತ್ತಿದವನು, ರಕ್ತ ಸುರಿಯುವವನು, ಕೈ ಕಳೆದುಕೊಂಡವನು. ಆ ಹೆಂಗಸಿನದು ಒಂದೇ ಬೊಂಬೆ, ಮೊದಲ ದೃಶ್ಯದ್ದು. ಹಸಿರು ರೇಷ್ಮೆ, ಬಾಚಿದ ತಲೆ, ಕೆಂಪು ತುಟಿ.

"ಆ ಗಂಡ್ಸಿಗೆ ಮೈ ತುಂಬ ನೆತ್ರು ಬಳ್ದವ್ರೆ, ಇವ್ಳಿಗ್ ಮಾತ್ರ ತುಟಿಗ್ ಬಣ್ಣ! ಬರಿಯಮ್ಮಿ ಅವ್ರಿಗೆ. ಬೈದೇ ಬರಿ."

ಬೈಗುಳ ಬಿಟ್ಟು ಬರೆದೆ. ಉತ್ತರವೂ ಬಂತು. ಸಿನಿಮಾ ತೆಗೆದವರು ಕೊಟ್ಟ ಪರವಾನಗಿಯಲ್ಲಿ ನಟಿಯ ಗಾಯಗೊಂಡ ಮುಖ ಸೇರಿಲ್ಲ, ಆದ್ದರಿಂದ ಮಾಡುವಂತಿಲ್ಲ, ಕ್ಷಮಿಸಬೇಕು ಎಂದಿತ್ತು. ಕನ್ನಡ ಮಾಡಿ ಹೇಳಿದೆ. ಜಯಕ್ಕ ಮಚ್ಚಿನಿಂದ ದಿಮ್ಮಿ ಕೆರೆಯುತ್ತಿದ್ದವಳು ನಿಲ್ಲಿಸಿದಳು.

"ಒಡುಸ್ಕಂಡೋಳು ಅವ್ಳು. ಗೆದ್ದೋಳೂ ಅವ್ಳೇ. ಅನ್ಮತಿ ಕೊಡಕ್ಕೆ ಅವ್ರ್ಯಾರು?"

ಮಚ್ಚು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿ ರಾಗಿ ಹಿಟ್ಟಿನ ಮೂಟೆಗೆ ನಾಟಿತು. ನನಗೆ ಅಳು ಬಂತು, ಸಿಟ್ಟೂ ಬಂತು. ಒಂದು ಬೊಂಬೆಗಾಗಿ ಮನುಷ್ಯರ ತಲೆ ತೆಗೆಯುವುದೇನೇ ಎಂದು ಕೂಗಾಡಿದೆ. ಅವಳು ಮೂಟೆಯಿಂದ ಮಚ್ಚು ಕಿತ್ತುಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳ ಎಡ ಹುಬ್ಬನ್ನು ಎರಡು ಮಾಡಿದ್ದ ಹಳೆಯ ಸೀಳನ್ನು ನಾನು ದಿನಾ ನೋಡಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

"ಜಾರಿ ಬೀಳ್ನಿಲ್ಲ ಕಣಮ್ಮಿ. ಕೊತ್ತತ್ತೀಲಿ ನನ್ ಗಂಡ, ಮುದ್ದೇಲಿ ಗಂಟವೆ ಅಂತ ಮುದ್ದೆ ಕೋಲಲ್ಲೇ ಬಾರ್ಸ್ದ. ಉಬ್ಬು ಸೀಳೋಯ್ತು. ನಾನೂ ಅದೇ ಕೋಲ್ ಕಿತ್ಕಂಡೆ. ಅವನ ಮಣಿಕಟ್ಟು ಮುರ್ಯಗಂಟ ಬುಡ್ನಿಲ್ಲ. ಆಮ್ಯಾಕೆ ಊರ್ ಯಜಮಾನ್ರೆಲ್ಲ ಕೂತ್ಕಂಡು, ಇವ್ಳು ಬಚ್ಲಲ್ ಜಾರುದ್ಲು, ಅವ್ನು ಸ್ಕೂಟರಿಂದ ಬಿದ್ದ, ಇಬ್ಬರ್ ಮಾನಾನೂ ಉಳೀತು ಅಂದ್ರು. ಮಂಡ್ಯದ್ ಆಸ್ಪತ್ರೇಲಿ ನನ್ ಬಾಯಿಂದ್ಲೇ ಅಂಗಂತ ಯೋಳುಸುದ್ರು. ಏಟು ಮಾದೋಯ್ತು. ಆ ಮಾತು ಇನ್ನೂ ಉರೀತದೆ."

ಅವಳು ಗಂಡನನ್ನು ಬಿಟ್ಟು ಬಂದು ಹೋಟೆಲು ಹಾಕಿದ್ದು ಆಮೇಲೆ.

ಅವಳ ಸಂಕಟ ನೋಡಲಾಗದೆ ನಾನು ರಫೀಕನನ್ನು ಕರೆತಂದೆ. ಲಾರಿಗಳಿಗೆ ಬಣ್ಣ ಹೊಡೆಯುವವನು, ಹೂವು ಬಳ್ಳಿ ಬರೆಯುವುದರಲ್ಲಿ ಎತ್ತಿದ ಕೈ. ರೇಷ್ಮೆಯ ಬೊಂಬೆಯನ್ನು ಬೀರುವಿನಿಂದ ತೆಗೆದು, "ಆ ಕಂಪ್ನಿಯೋರ್ ಕಾಲ್ ಯಾಕ್ ಇಡ್ಕೊಳ್ತೀರ ಅಕ್ಕ? ಚಾ ಕುಡ್ಯೋಷ್ಟ್ರಲ್ಲಿ ಗಾಯ ಮಾಡ್ಕೊಡ್ತೀನಿ, ಅಸಲಿ ತರ" ಎಂದು ಕೆಂಪು ಬಣ್ಣಕ್ಕೆ ಕುಂಚ ಅದ್ದಿದ. ಜಯಕ್ಕ ಅವನ ಕೈ ತಿರುಚಿದ ರಭಸಕ್ಕೆ ಕುಂಚ ಮುರಿಯಿತು, ರಫೀಕ ನೆಲಕ್ಕೆ ಕೂತ.

"ನಾನೇ ಬಳ್ಕಂಡ್ರೆ ಅದು ನನ್ ಬೀರೊಳ್ಗೆ ಮಾತ್ರ ನಿಜ ಕಣೋ. ಮಾಡ್ದೋರೇ ಒಪ್ಕಂಡು ಕಳುಸ್ಬೇಕು. ನಾಕ್ ಜನ ನೋಡ್ಬೇಕು."

ಆಮೇಲೆ ತಾನೇ ಬಿಸಿ ಎಣ್ಣೆ ತಂದು ಅವನ ಕೈ ನೀವಿದಳು, ಊಟಕ್ಕೆ ಕೂರಿಸಿ, ಬೇಡ ಬೇಡವೆಂದರೂ ಇನ್ನೊಂದು ಮುದ್ದೆ ಇಟ್ಟಳು. ಅವನು ನೋವಿನಲ್ಲೇ ನಗುತ್ತಾ ಉಂಡ. ಅಲ್ಲಿಂದೀಚೆಗೆ ಕಂಪನಿಯವರು ಹೀರೋನನ್ನು ಕುದುರೆ ಹತ್ತಿಸಿದರು, ಮುದುಕನನ್ನೂ ಮಾಡಿದರು. ಪ್ರತಿ ಸಲವೂ ಜಯಕ್ಕ ಅದೇ ಪತ್ರವನ್ನು ನನ್ನಿಂದ ಬರೆಸಿದಳು. ಅವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಒಂದು ಭಾನುವಾರ, ಹೋಟೆಲು ತುಂಬಿದ್ದಾಗ, ದಿಮ್ಮಿಯ ಸದ್ದು ನಿಂತಿತು. ಎದೆ ಹಿಡಿದು ಕುಸಿದ ಜಯಕ್ಕ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಳು.

ಪೂರಿಗಾಲಿಯ ತವರಿನ ಅಂಗಳದಲ್ಲಿ ಅವಳ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗಂಡ ಬದುಕಿರುವುದರಿಂದ ಮುತ್ತೈದೆ ಸಾವು ಎಂದು ಕೊತ್ತತ್ತಿಯಿಂದ ನಾದಿನಿ ಅರಿಶಿನ ಕಲಸಿಕೊಂಡು ಬಂದಿದ್ದಳು. ಕೆನ್ನೆಗೆ ಹಚ್ಚಿದಳು, ಹಣೆಗೆ ಹಚ್ಚಿದಳು, ಹುಬ್ಬಿನ ಸೀಳಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. "ಬಚ್ಲಲ್ ಬಿದ್ದಿದ್ಲು ಪಾಪ, ಮೊಕ ಲಕ್ಷಣವಾಗ್ ಕಾಣ್ಲಿ" ಎಂದು ಪಕ್ಕದವರಿಗೆ ಹೇಳಿದಳು. ಗಂಡ ಹೆಗಲ ಮೇಲೆ ಟವೆಲು ಹಾಕಿಕೊಂಡು ಅಲ್ಲೇ ನಿಂತಿದ್ದ.

ನನ್ನ ಮೈ ಉರಿದುಹೋಯಿತು. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಆ ಹುಬ್ಬು ಒರೆಸತೊಡಗಿದೆ. ನಾದಿನಿ ನನ್ನ ಜಡೆಗೆ ಕೈ ಹಾಕಿ ಎಳೆದಳು. ನಾನು ಅವಳನ್ನು ದಬ್ಬಿದೆ, ಅರಿಶಿನದ ಬಟ್ಟಲು ಉರುಳಿತು. "ಬೀಳ್ನಿಲ್ಲ ಇವ್ಳು! ಇವ್ನು ಮುದ್ದೆ ಕೋಲಲ್ ಒಡ್ದ, ಇವ್ಳೂ ಒಡುದ್ಲು! ನಂಬ್ದೆ ಇದ್ರೆ ಅವನ್ ಕೈ ನೋಡಿ!" ಎಂದು ಕಿರುಚಿದೆ. ಅಂಗಳದವರೆಲ್ಲ ಅವನ ಸೊಟ್ಟ ಮಣಿಕಟ್ಟಿನ ಕಡೆ ತಿರುಗಿದರು. ಅವನು ಅದನ್ನು ಟವೆಲಿನೊಳಗೆ ಎಳೆದುಕೊಂಡ.

ಜಯಕ್ಕನ ದೊಡ್ಡಮ್ಮ ಗೋಡೆ ಹಿಡಿದು ಎದ್ದು ಬಂದು, ನನ್ನ ಪಕ್ಕ ನೀರಿನ ಚೊಂಬು ಇಟ್ಟು, "ಸರ್ಯಾಗ್ ಒರುಸವ್ವ" ಎಂದಳು.

ನಾನು ಒರೆಸಿದೆ. ಹುಬ್ಬಿನ ಸೀಳು ನಾಲ್ಕು ಜನಕ್ಕೆ ಕಾಣುವಂತೆಯೇ ಜಯಕ್ಕನನ್ನು ಮಣ್ಣು ಮಾಡಿದರು.