ಮೊದಲ ಕೊಡ ಬಳ್ಳಿಗೆ

ಮೊನ್ನೆ ಮೊಮ್ಮಗಳ ಜೊತೆ ಹೊಳೆ ದಾಟಿ ಕಡಲ ಬದಿಯ ಪಾರ್ಕಿಗೆ ಹೋಗಿದ್ದೆ. ಯಾರೋ ಹಳೆಯ ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಬಾವಿಯಕ್ಕ ನೆನಪಾದರು...

ಅದು ಯುದ್ಧದ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕೆರೆಯಂತೆ ನಿಂತ ಹೊಳೆ, ನಡುವಿನ ಮರಳಿನಲ್ಲಿ ನಮ್ಮ ಮನೆಗಳು. ಸಿಹಿನೀರಿನ ಬಾವಿ ಇದ್ದದ್ದು ಪಕ್ಕದ ಮನೆಯಲ್ಲಿ ಮಾತ್ರ, ಮರಳ ದಿಬ್ಬದ ಬುಡದಲ್ಲಿ. ಆ ಮನೆಯ ವಿಧವೆಯನ್ನು ಎಲ್ಲರೂ ಬಾವಿಯಕ್ಕ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಬೆಳಗಾದರೆ ಕೊಡ ಹಿಡಿದು ಬರುವ ಹೆಂಗಸರು, ಅವರ ಹರಟೆ, ಅದೇ ಬಾವಿಯಕ್ಕನ ಸಂಸಾರ. ಅವರದೊಂದು ಕಟ್ಟಳೆಯಿತ್ತು. ಸೇದಿದ ಮೊದಲ ಕೊಡವನ್ನು ದಿಬ್ಬದ ಮೇಲಿನ ನೇರಳೆ ಹೂವಿನ ಬಳ್ಳಿಗೆ ಹೊಯ್ಯಬೇಕು.

"ಬಳ್ಳಿ ಹೋದ್ರೆ ಮರಳು ಹೋಗ್ತದೆ. ಮರಳು ಹೋದ್ರೆ ಮತ್ತೆ ನೀರು ಎಲ್ಲಿ ಉಂಟು?" ಎನ್ನುತ್ತಿದ್ದರು. ಅಮ್ಮ ಗೊಣಗುತ್ತಲೇ ಹೊಯ್ಯುತ್ತಿದ್ದಳು.

ಆ ವರ್ಷ ಮೋಡ ಬೇಗ ಕಟ್ಟಿತು. ಕಡಲ ಬದಿಯ ದೋಣಿಗಳನ್ನು, ಹೊಳೆ ಕಡಲಿಗೆ ಸೇರುವ ಅಳಿವೆ ಸುತ್ತಿ ಹೊಳೆಗೆ ತರಲು ಪುರುಸೊತ್ತಿರಲಿಲ್ಲ. ಗಂಡಸರು ದಿಬ್ಬವನ್ನೇ ಕಡಿದು ದಾರಿ ಮಾಡಹೊರಟರು. ಮುಂದೆ ನಿಂತವನು ಬಾವಿಯಕ್ಕನ ಸ್ವಂತ ತಮ್ಮ. ಬಾವಿಯಕ್ಕ ಅಡ್ಡ ಕುಳಿತರು.

"ದೋಣಿ ಹೋದ್ರೆ ಗಂಜಿಗೆ ಎಂತ ಮಾಡುದು ಅಕ್ಕ? ನಾಳೆಯೇ ಮುಚ್ತೇವೆ" ಎಂದ.

ಅವನು ಹೇಳಿದ್ದೂ ಸುಳ್ಳಲ್ಲ. ಅವರು ಎದ್ದರು. ದೋಣಿಗಳು ಉಳಿದವು. ಮರುದಿನವೇ ಮಳೆ ಹಿಡಿದು, ಕಡಲು ಅದೇ ದಾರಿಯಲ್ಲಿ ಒಳಗೆ ಬಂದು ಬಾವಿಗೂ ನುಗ್ಗಿತು.

ಮಳೆಗಾಲ ಕಳೆದರೂ ಬಾವಿಯ ಉಪ್ಪು ಹೋಗಲಿಲ್ಲ. ಹೆಂಗಸರು ಹೊಳೆಯಾಚೆಯಿಂದ ನೀರು ತರತೊಡಗಿದರು. ಬಾವಿಯಕ್ಕ ಖಾಲಿ ಅಂಗಳದಲ್ಲಿ ದಿನಾ ನೀರು ಸೇದಿ, ನಾಲಿಗೆಗೆ ಹಚ್ಚಿ, ಚೆಲ್ಲುತ್ತಿದ್ದರು. ಕೊನೆಗೆ ತಮ್ಮ ಅವರನ್ನು ಹೊಳೆಯಾಚೆಯ ಜೆಪ್ಪುವಿನ ನೆಂಟರ ಮನೆಗೆ ಬಿಟ್ಟು ಬಂದ.

ಅಮ್ಮನೂ ನಾನೂ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. "ನೀರು ಸಿಹಿ ಆಯ್ತಾ?" ಎಂದು ಕೇಳಿದರು. ಇಲ್ಲವೆನ್ನಲು ಅಮ್ಮನಿಗೆ ಬಾಯಿ ಬರಲಿಲ್ಲ. "ಆಗಿದೆ ಅಕ್ಕ" ಎಂದುಬಿಟ್ಟಳು.

"ಹಾಗಾದ್ರೆ ನಂಗೆ ಒಂದು ಚೊಂಬು ತಂದು ಕೊಡು."

ಅಮ್ಮ ಬೇರೆ ಬಾವಿಯ ನೀರು ಒಯ್ದಳು. ಅವರು ಒಂದು ಗುಟುಕು ಕುಡಿದು ಚೊಂಬು ಕೆಳಗಿಟ್ಟರು. ತಮ್ಮದೇ ಬಾವಿಯ ರುಚಿ ಅವರಿಗೆ ತಿಳಿಯದೆ ಇರುತ್ತದೆಯೇ... ಅಮ್ಮನ ಕೈ ಸವರಿ, "ಉಳಿದದ್ದು ಬಳ್ಳಿಗೆ ಹೊಯ್ಯಿ" ಎಂದರು. ಅಮ್ಮ ದಾರಿಯುದ್ದಕ್ಕೂ ಆ ಚೊಂಬು ಹಿಡಿದು ಅತ್ತಳು. ಹೊಯ್ಯಲು ಬಳ್ಳಿಯೇ ಇರಲಿಲ್ಲ.

ಈಗ ಆ ಜಾಗವೇ ಪಾರ್ಕು. ದಿಬ್ಬಕ್ಕೆ ಬೇಲಿ ಹಾಕಿ, ಬಳ್ಳಿ ನೆಟ್ಟು, ಕಾಲಿಡಬೇಡಿ ಎಂದು ಬೋರ್ಡು ಬರೆಸಿದ್ದಾರೆ. ಓದಿ ನನಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಬಾವಿ ಎಲ್ಲಿತ್ತೆಂದು ಗುರುತು ಸಿಗಲಿಲ್ಲ. ಬಾಟಲಿಯ ನೀರನ್ನು ಬೇಲಿಯಾಚೆ ಹೊಯ್ದೆ.

"ಎಂತ ಅಜ್ಜಿ, ಕುಡಿಯುವ ನೀರು ಅದು" ಎಂದಳು ಮೊಮ್ಮಗಳು.

ಹೊಯ್ದಾಯಿತು ಎಂದು ಹೇಳೋಣವೆಂದರೆ ಈಗ ಬಾವಿಯಕ್ಕನೂ ಇಲ್ಲ, ಅಮ್ಮನೂ ಇಲ್ಲ.